ಮಳೆಯ ಅಲರ್ಟ್ ಬಂದಾಗ ಮನೆಯವರು ಏನು ತೀರ್ಮಾನ ಮಾಡಬೇಕು?

ಕಾರ್ಕಳದ ಓದುಗ (ಚರ್ಚೆಯ ಆರಂಭ)

ನಮ್ಮ ಮನೆ ಘಟ್ಟದ ಬುಡದಲ್ಲಿದೆ. ಹಿಂಬದಿಗೆ ಮನೆ ಕಟ್ಟುವಾಗ ಗುಡ್ಡ ಕಡಿದು ಉಳಿದ ಎತ್ತರದ ಮಣ್ಣಿನ ಗೋಡೆ, ನಮ್ಮ ಮಾತಿನಲ್ಲಿ ಬರೆ; ಮುಂದೆ ಅಡಿಕೆ ತೋಟ, ತೋಟದ ಅಂಚಿಗೆ ತೋಡು, ಅಂದರೆ ಸಣ್ಣ ಹಳ್ಳ. ಮನೆಯಲ್ಲಿ ವಯಸ್ಸಾದ ಅಮ್ಮ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಕೊಟ್ಟಿಗೆಯಲ್ಲಿ ಹಸುಗಳಿವೆ. ಮಳೆಗಾಲ ಹಿಡಿದರೆ ಉಡುಪಿ ಜಿಲ್ಲೆಗೆ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ರೆಡ್ ಅಲರ್ಟ್ ಎಂದ ದಿನ ನಮ್ಮೂರಿನಲ್ಲಿ ಬಿಸಿಲು ಕಂಡದ್ದಿದೆ; ಯೆಲ್ಲೋ ಎಂದ ರಾತ್ರಿ ತೋಡು ಉಕ್ಕಿ ತೋಟಕ್ಕೆ ನೀರು ನುಗ್ಗಿದ್ದೂ ಇದೆ. ಹೀಗಾಗಿ ನಮ್ಮಲ್ಲಿ ಬಹಳ ಮಂದಿಗೆ ಅಲರ್ಟ್ ಎಂದರೆ ನಾಳೆ ಶಾಲೆಗೆ ರಜೆ ಉಂಟೋ ಇಲ್ಲವೋ ಎಂಬಷ್ಟೇ ವಿಷಯವಾಗಿ ಉಳಿದಿದೆ. ಇದು ನನಗೆ ನಿಜವಾಗಿಯೂ ಕಳವಳದ ಸಂಗತಿ. ಈ ಬಣ್ಣಗಳನ್ನು ಸರಿಯಾಗಿ ಓದುವುದು ಹೇಗೆ, ಯಾವ ಬಣ್ಣಕ್ಕೆ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉಡುಪಿಯ ನಿವೃತ್ತ ಭೂಗೋಳ ಅಧ್ಯಾಪಕ

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಹಲವು ವರ್ಷಗಳಿಂದ ಈ ಬುಲೆಟಿನ್‌ಗಳನ್ನು ಓದುತ್ತಾ ಬಂದವನಾದ್ದರಿಂದ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಬಣ್ಣವು ಮಳೆಯ ಅಳತೆಯಲ್ಲ. ಭಾರತೀಯ ಹವಾಮಾನ ಇಲಾಖೆ ಮಳೆಯನ್ನು ಅಳೆಯುವ ಕ್ರಮ ಬೇರೆಯೇ ಇದೆ: 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಸುರಿದರೆ ಭಾರೀ ಮಳೆ, 115.6ರಿಂದ 204.4 ಮಿ.ಮೀ. ಸುರಿದರೆ ಅತಿ ಭಾರೀ ಮಳೆ, ಅದನ್ನೂ ಮೀರಿದರೆ ಅತ್ಯಂತ ಭಾರೀ ಮಳೆ. ಬಣ್ಣವನ್ನು ನಿರ್ಧರಿಸುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ತೂಗುತ್ತಾರೆ. ಅಂಥ ಮಳೆ ಬರುವ ಸಾಧ್ಯತೆ ಎಷ್ಟು ಎಂಬುದು ಒಂದು. ಬಂದರೆ ಆ ಪ್ರದೇಶದಲ್ಲಿ ಆಗಬಹುದಾದ ಹಾನಿ ಎಷ್ಟು ಎಂಬುದು ಇನ್ನೊಂದು. ಹಸಿರು ಎಂದರೆ ಎಚ್ಚರಿಕೆಯಿಲ್ಲ, ಹಳದಿ ಎಂದರೆ ಗಮನವಿಟ್ಟು ಮಾಹಿತಿ ಪಡೆಯುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಈ ನಾಲ್ಕೂ ನಾವು ಏನು ಮಾಡಬೇಕು ಎಂಬುದನ್ನು ಹೇಳುತ್ತವೆಯೇ ಹೊರತು ನಮ್ಮ ಅಂಗಳದಲ್ಲಿ ಎಷ್ಟು ಮಳೆ ಬೀಳುತ್ತದೆ ಎಂಬುದನ್ನಲ್ಲ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯಲ್ಲಿ ಒಂದು ದಿನದ 80 ಮಿ.ಮೀ. ಮಳೆಯನ್ನು ಯಾರೂ ಮಾತಿಗೆ ಎತ್ತಿಕೊಳ್ಳುವುದಿಲ್ಲ. ಅಷ್ಟೇ ಮಳೆ ಕಲಬುರಗಿಯ ಬಯಲಿನಲ್ಲಿ ಒಂದೇ ಸಂಜೆ ಸುರಿದರೆ ಹಳ್ಳಗಳು ರಸ್ತೆ ಕಡಿದುಬಿಡುತ್ತವೆ.

ಎರಡನೆಯದಾಗಿ, ಎಚ್ಚರಿಕೆ ಬರುವುದು ಇಡೀ ಜಿಲ್ಲೆಗೆ. ಉಡುಪಿ ಜಿಲ್ಲೆಯಲ್ಲಿ ಕಡಲತೀರವೂ ಇದೆ, ಘಟ್ಟದ ನೆತ್ತಿಯೂ ಇದೆ. ಬುಲೆಟಿನ್‌ನಲ್ಲಿ ಬಣ್ಣದ ಜೊತೆಗೆ "ಪ್ರತ್ಯೇಕ ಸ್ಥಳಗಳಲ್ಲಿ", "ಕೆಲವು ಸ್ಥಳಗಳಲ್ಲಿ", "ಹಲವು ಸ್ಥಳಗಳಲ್ಲಿ", "ಬಹುತೇಕ ಸ್ಥಳಗಳಲ್ಲಿ" ಎಂದು ಬರೆದಿರುತ್ತಾರೆ. ಇವು ಅಳತೆಯಿಟ್ಟುಕೊಂಡೇ ಬಳಸುವ ಪದಗಳು. ಪ್ರತ್ಯೇಕ ಸ್ಥಳಗಳು ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರೊಳಗಿನವು, ಬಹುತೇಕ ಸ್ಥಳಗಳು ಎಂದರೆ ಶೇ 75ಕ್ಕಿಂತ ಹೆಚ್ಚಿನವು. ಆದ್ದರಿಂದ ಪ್ರತ್ಯೇಕ ಸ್ಥಳಗಳಲ್ಲಿ ಅತ್ಯಂತ ಭಾರೀ ಮಳೆ ಎಂದು ಎಚ್ಚರಿಸಿದ ದಿನ ನಿಮ್ಮೂರಿನಲ್ಲಿ ಬಿಸಿಲಿದ್ದು ಹೆಬ್ರಿಯಲ್ಲಿ ಆಕಾಶವೇ ಕಳಚಿ ಬಿದ್ದಂತೆ ಸುರಿದರೆ ಆ ಎಚ್ಚರಿಕೆ ನಿಜವೇ ಆಯಿತು.

ಮೂರನೆಯದು ಬಹಳ ಮಂದಿ ಗಮನಿಸದ ಸಂಗತಿ. ಇಲಾಖೆಯ ಮಳೆ ದಿನವು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಹದಿನಾರನೇ ತಾರೀಖಿನ ರೆಡ್ ಅಲರ್ಟ್ ಹದಿನೇಳರ ಮುಂಜಾನೆಯನ್ನೂ ಒಳಗೊಂಡಿರುತ್ತದೆ. ಹಗಲೆಲ್ಲ ಮಳೆಯಿಲ್ಲದ್ದನ್ನು ನೋಡಿ ಸಂಜೆಗೆ "ಇವತ್ತಿನ ಅಲರ್ಟ್ ಮುಗಿಯಿತು" ಎಂದು ನಿಶ್ಚಿಂತರಾಗುವವರು ರಾತ್ರಿಯ ಹನ್ನೆರಡು ಗಂಟೆಗಳನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜೋರು ಮಳೆ ಸರಿರಾತ್ರಿಯ ನಂತರ ಹಿಡಿದುಕೊಳ್ಳುವುದು ಅಪರೂಪವೇನಲ್ಲ.

ಬೈಂದೂರಿನ ಓದುಗ

ಅಧ್ಯಾಪಕರ ವಿವರಣೆಗೆ ಗೌರವವಿದೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಹತ್ತು ಅಲರ್ಟ್‌ಗಳಲ್ಲಿ ಹಲವು ಹುಸಿಯಾದರೆ ದಿನಗೂಲಿಯ ಜನ ಪ್ರತಿ ಸಲವೂ ಕೆಲಸ ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುವುದು ಹೇಗೆ? ನಾಳೆ ಏನಾದರೂ ಆದರೆ ತಮ್ಮ ಮೇಲೆ ಮಾತು ಬರಬಾರದೆಂದು ಅಧಿಕಾರಿಗಳು ಮುಂಚಿತವಾಗಿಯೇ ದೊಡ್ಡ ಬಣ್ಣ ಹಾಕಿಬಿಡುತ್ತಾರೆ ಎಂಬ ಅನುಮಾನ ನಮ್ಮ ಕಡೆ ಗಟ್ಟಿಯಾಗಿದೆ.

ಉಡುಪಿಯ ನಿವೃತ್ತ ಭೂಗೋಳ ಅಧ್ಯಾಪಕ

ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ. ದಿನಗೂಲಿಯವರ ಕಷ್ಟ ಸಣ್ಣದಲ್ಲ. ಆದರೆ ಎಚ್ಚರಿಕೆ ನೀಡುವವರ ಮುಂದೆ ಎರಡು ಬಗೆಯ ತಪ್ಪುಗಳು ಯಾವಾಗಲೂ ಇರುತ್ತವೆ: ಎಚ್ಚರಿಸಿಯೂ ಏನೂ ಆಗದಿರುವುದು, ಎಚ್ಚರಿಸದೆ ಅನಾಹುತ ಆಗಿಬಿಡುವುದು. ಒಂದನ್ನು ಕಡಿಮೆ ಮಾಡಹೊರಟರೆ ಇನ್ನೊಂದು ಹೆಚ್ಚುತ್ತದೆ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಕರಾವಳಿಗೆ ಫೈಲಿನ್ ಅಪ್ಪಳಿಸುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಗಿತ್ತು. ಸಾವಿನ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಹಾಗೆ ಹೊರಟ ಲಕ್ಷಾಂತರ ಜನರಲ್ಲಿ ಬಹಳಷ್ಟು ಮಂದಿಯ ಮನೆಗೆ ದೊಡ್ಡ ಹಾನಿಯೇ ಆಗದಿದ್ದಿರಬಹುದು. ಅವರು ಹೊರಟದ್ದು ವ್ಯರ್ಥವಾಯಿತು ಎಂದು ನಾನು ಹೇಳಲಾರೆ.

ಇನ್ನು ಕೆಲಸ ಬಿಡುವ ವಿಚಾರ. ಅಲರ್ಟ್ ಬಂದೊಡನೆ ಎಲ್ಲರೂ ಎಲ್ಲ ಕೆಲಸವನ್ನೂ ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಯಾರ ಅಪಾಯ ಎಲ್ಲಿದೆ ಎಂಬುದನ್ನು ಅವರವರೇ ಮೊದಲು ತಿಳಿದುಕೊಂಡಿರಬೇಕು. ಗಟ್ಟಿ ಬಯಲಿನಲ್ಲಿ ಸಿಮೆಂಟಿನ ಮನೆ ಇರುವವರಿಗೆ ಆರೆಂಜ್ ಅಲರ್ಟ್ ಹೆಚ್ಚೆಂದರೆ ಪ್ರಯಾಣ ಮುಂದೂಡುವ ವಿಷಯ. ಬರೆಯ ಬುಡದಲ್ಲಿ ಮಲಗುವವರಿಗೆ ಅದೇ ಆರೆಂಜ್ ಅಲರ್ಟ್ ಆ ರಾತ್ರಿ ಎಲ್ಲಿ ಮಲಗಬೇಕೆಂಬ ವಿಷಯ.

ಮಡಿಕೇರಿಯ ಕಾಫಿ ಬೆಳೆಗಾರ

ಬರೆಯ ಮಾತು ಬಂದುದರಿಂದ ಬರೆಯುತ್ತಿದ್ದೇನೆ. ಕಾರ್ಕಳದ ಸ್ನೇಹಿತರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ಹವಾಮಾನ ಇಲಾಖೆಯ ಬಣ್ಣ ಮುಂದೆ ಬರುವ ಮಳೆಯನ್ನು ಕುರಿತದ್ದು. ನಿಮ್ಮ ಗುಡ್ಡದೊಳಗೆ ಈಗಾಗಲೇ ಎಷ್ಟು ನೀರು ಇಳಿದಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಜರಿದದ್ದು ಒಂದು ದಿನದ ಮಳೆಗಲ್ಲ. ಜೂನ್, ಜುಲೈ ತಿಂಗಳುಗಳ ಬಿಡದ ಮಳೆಯಿಂದ ಮಣ್ಣು ಪೂರ್ತಿ ನೆನೆದಿದ್ದ ಮೇಲೆ ಆಗಸ್ಟ್‌ನ ಜಡಿಮಳೆ ಬಿತ್ತು. ಮಕ್ಕಂದೂರು, ಜೋಡುಪಾಲದ ಕಡೆಯವರು ಅದನ್ನು ಇಂದಿಗೂ ಮರೆತಿಲ್ಲ. ಆದ್ದರಿಂದ ಜೂನ್ ಮೊದಲ ವಾರದ ರೆಡ್ ಅಲರ್ಟಿಗಿಂತ ವಾರಗಟ್ಟಲೆ ಮಳೆಯಾದ ನಂತರ ಬರುವ ಆರೆಂಜ್ ಅಲರ್ಟ್ ಗುಡ್ಡದ ಬುಡದ ಮನೆಗೆ ಹೆಚ್ಚು ಅಪಾಯಕಾರಿಯಾಗಿರಬಹುದು. ನಾನು ಇದನ್ನೇ ನಮ್ಮ ತೋಟದ ಲೈನ್ ಮನೆಗಳಲ್ಲಿ (ಸಾಲುಮನೆಗಳಲ್ಲಿ) ಇರುವ ಕಾರ್ಮಿಕರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಗುಡ್ಡ ಜರಿಯುವ ಮೊದಲು ಕೆಲವು ಗುರುತುಗಳನ್ನು ಕೊಡುತ್ತದೆ, ಎಲ್ಲ ಸಲವೂ ಅಲ್ಲದಿದ್ದರೂ ಅನೇಕ ಸಲ. ಬರೆಯ ನೆತ್ತಿಯ ಮೇಲೆ ಬರೆಗೆ ಸಮಾನಾಂತರವಾಗಿ ಬಿರುಕು ಬೀಳುತ್ತದೆ. ಮೊದಲು ಹುಲ್ಲಿನ ಕೆಳಗೆ ಬೆರಳು ತೂರುವಷ್ಟು ಸೀಳಾಗಿ ಕಾಣಿಸುತ್ತದೆ, ಹುಲ್ಲು ಸರಿಸಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಸರಾಗವಾಗಿ ಮುಚ್ಚುತ್ತಿದ್ದ ಹಿಂಬಾಗಿಲು ಒಂದು ದಿನ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ನೆಟ್ಟಗಿದ್ದ ಮರ ಅಥವಾ ವಿದ್ಯುತ್ ಕಂಬ ವಾಲುತ್ತದೆ. ಹಿಂದೆ ಒರತೆ ಇಲ್ಲದ ಕಡೆ ಕೆಸರು ನೀರು ಜಿನುಗತೊಡಗುತ್ತದೆ. ಇವೆಲ್ಲಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ: ಮಳೆ ಜೋರಾಗಿ ಸುರಿಯುತ್ತಿರುವಾಗಲೇ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದುಬಿಡುವುದು. ಮೇಲೆ ಎಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿ ನಿಂತಿದೆ ಎಂದು ಅದರರ್ಥ. ಅದು ಒಡೆದಾಗ ಬರುವ ಕೆಸರಿನ ರಭಸಕ್ಕೆ ಓಡಲು ಸಮಯ ಸಿಗುವುದಿಲ್ಲ. ನೀರು ಇಳಿಯಿತೆಂದು ನೋಡಲು ತೋಡಿನ ಬಳಿಗೆ ಹೋಗಬೇಡಿ, ಇಕ್ಕೆಲದ ಎತ್ತರಕ್ಕೆ ಹೋಗಿ.

ಇಂಥ ಗುರುತುಗಳಲ್ಲಿ ಒಂದು ಕಂಡರೂ ಬಣ್ಣ ಹಸಿರೇ ಇರಲಿ, ಮನೆ ಬಿಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದಾಗ ಕೆಳಗೆ ಚಹಾದಂಗಡಿ ಇತ್ತು, ಲಾರಿಗಳು ನಿಂತಿದ್ದವು. ಮಣ್ಣು ಅವನ್ನೆಲ್ಲ ಗಂಗಾವಳಿ ನದಿಯವರೆಗೆ ತಳ್ಳಿಕೊಂಡು ಹೋಯಿತು. ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ವಾಹನ ನಿಲ್ಲಿಸಿ ವಿಶ್ರಾಂತಿ ಪಡೆಯುವ ಅಭ್ಯಾಸವನ್ನು ನಾವೆಲ್ಲರೂ ಬಿಡಬೇಕು.

ಕಾರ್ಕಳದ ಓದುಗ

ಬಹಳ ಉಪಕಾರವಾಯಿತು. ಬರೆಯ ನೆತ್ತಿಗೆ ನಾಳೆ ಬೆಳಕಿರುವಾಗಲೇ ಹೋಗಿ ನೋಡುತ್ತೇನೆ. ಇನ್ನೆರಡು ಪ್ರಶ್ನೆಗಳಿವೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸದ ದಿನ ಮಕ್ಕಳನ್ನು ಕಳುಹಿಸುವುದು ಸುರಕ್ಷಿತ ಎಂದು ತಿಳಿಯಬಹುದೇ? ವಾಟ್ಸ್‌ಆ್ಯಪ್‌ನಲ್ಲಿ ಬರುವ ಅಲರ್ಟ್‌ಗಳಲ್ಲಿ ಯಾವುದು ನಿಜ, ಯಾವುದು ಹಳೆಯದು ಎಂದು ಹೇಗೆ ತಿಳಿಯುವುದು?

ಉಡುಪಿಯ ನಿವೃತ್ತ ಭೂಗೋಳ ಅಧ್ಯಾಪಕ

ಎಚ್ಚರಿಕೆ ನೀಡುವುದು ಹವಾಮಾನ ಇಲಾಖೆ. ರಜೆ ಕೊಡುವುದು ಜಿಲ್ಲಾಡಳಿತ. ಇವು ಎರಡು ಬೇರೆ ಬೇರೆ ತೀರ್ಮಾನಗಳು. ಜಿಲ್ಲಾಧಿಕಾರಿಗಳು ಇಡೀ ಜಿಲ್ಲೆಯನ್ನೋ ತಾಲ್ಲೂಕನ್ನೋ ನೋಡಿ ಆದೇಶ ಮಾಡುತ್ತಾರೆ. ನಿಮ್ಮ ಮಕ್ಕಳು ದಾಟುವ ಕಾಲುಸಂಕದ (ಕಾಲುಸೇತುವೆಯ) ಮೇಲೆ ನೀರು ಎಷ್ಟಿದೆ ಎಂಬುದು ಆ ಆದೇಶ ಬರೆಯುವವರಿಗೆ ತಿಳಿದಿರುವುದಿಲ್ಲ. ಸಂಕದ ಮೇಲೆ ನೀರು ಬಂದಿದ್ದರೆ ರಜೆ ಇಲ್ಲದಿದ್ದರೂ ಮಕ್ಕಳನ್ನು ಮನೆಯಲ್ಲಿಯೇ ಇರಿಸಿಕೊಳ್ಳಿ, ಶಿಕ್ಷಕರಿಗೆ ಒಂದು ಕರೆ ಮಾಡಿ ತಿಳಿಸಿ. ನಾನು ಅಧ್ಯಾಪಕನಾಗಿದ್ದವನು, ಇಂಥ ಕಾರಣಕ್ಕೆ ಬಾರದ ಮಗುವನ್ನು ಯಾವ ಶಿಕ್ಷಕರೂ ಆಕ್ಷೇಪಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂದೇಶಗಳ ಬಗ್ಗೆ. ತಾರೀಖು, ಹೊರಡಿಸಿದ ಸಮಯ, ಹೊರಡಿಸಿದ ಕಚೇರಿ, ಈ ಮೂರೂ ಇಲ್ಲದ ಸಂದೇಶವನ್ನು ನಂಬಬೇಡಿ, ಮುಂದಕ್ಕೂ ಕಳುಹಿಸಬೇಡಿ. ನಮ್ಮ ರಾಜ್ಯದ ಮಟ್ಟಿಗೆ ಮೂಲವೆಂದರೆ ಬೆಂಗಳೂರಿನಲ್ಲಿರುವ ಹವಾಮಾನ ಕೇಂದ್ರ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಎರಡನೆಯದು 1988ರಲ್ಲಿ ಬರ ಉಸ್ತುವಾರಿಗೆಂದು ಶುರುವಾದ ಸಂಸ್ಥೆ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟು 15 ನಿಮಿಷಕ್ಕೊಮ್ಮೆ ಅಂಕಿ ಪಡೆಯುತ್ತದೆ. ಮುನ್ಸೂಚನೆಗೆ ಹವಾಮಾನ ಇಲಾಖೆಯ ಬುಲೆಟಿನ್, ಆಗಿರುವ ಮಳೆಗೆ ಈ ಕೇಂದ್ರದ ಅಂಕಿ, ಹೀಗೆ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಮಡಿಕೇರಿಯವರು ಹೇಳಿದ ನೆನೆದ ಮಣ್ಣಿನ ಅಂದಾಜು ಸಿಗುತ್ತದೆ.

2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೇ ವಿಚಿತ್ರ ಸದ್ದು ಮಾಡಿ ಪರೀಕ್ಷಾ ಸಂದೇಶ ತೋರಿಸಿದ್ದು ನಿಮಗೆ ನೆನಪಿರಬಹುದು. ಆ ವ್ಯವಸ್ಥೆಯಲ್ಲಿ ಸಂದೇಶವು ನಂಬರ್ ನೋಡಿ ಬರುವುದಿಲ್ಲ. ಆಯ್ದ ಪ್ರದೇಶದ ಟವರ್‌ಗಳ ವ್ಯಾಪ್ತಿಯಲ್ಲಿರುವ ಎಲ್ಲ ಫೋನ್‌ಗಳಿಗೂ ಹೋಗುತ್ತದೆ. ಆ ಸದ್ದಿಗೆ ಹೆದರಿ ಕೆಲವರು ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಗಳನ್ನು ಬಂದ್ ಮಾಡಿಟ್ಟಿದ್ದಾರೆ. ಮನೆಯ ಹಿರಿಯರ ಫೋನ್‌ಗಳಲ್ಲಿ ಅದು ಚಾಲೂ ಇದೆಯೇ ಎಂದು ಇವತ್ತೇ ನೋಡಿ.

ಮಲ್ಪೆಯ ಮೀನುಗಾರ ಕುಟುಂಬದವರು

ಕಡಲಿನ ಎಚ್ಚರಿಕೆಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಎರಡು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧವಿದ್ದರೂ ನಾಡದೋಣಿಗಳು ಕಡಲಿಗೆ ಇಳಿಯುತ್ತವೆ. ಮೀನುಗಾರರಿಗೆಂದೇ ಹವಾಮಾನ ಇಲಾಖೆ ಬೇರೆ ಎಚ್ಚರಿಕೆ ಕೊಡುತ್ತದೆ. ಅದರಲ್ಲಿ ಯಾವ ತೀರ, ಯಾವ ದಿನ, ಗಂಟೆಗೆ ಎಷ್ಟು ಕಿ.ಮೀ. ಗಾಳಿ ಎಂಬುದು ಸ್ಪಷ್ಟವಾಗಿರುತ್ತದೆ. ಜಿಲ್ಲೆಗೆ ಮಳೆಯ ಬಣ್ಣ ಹಸಿರಿದ್ದರೂ ಕಡಲಲ್ಲಿ ತೂಫಾನ್ ಇರಬಹುದು. ಅಲೆಗಳ ಎಚ್ಚರಿಕೆ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರದಿಂದ ಬರುತ್ತದೆ. ದೂರದ ದಕ್ಷಿಣ ಸಾಗರದ ಬಿರುಗಾಳಿಗೆ ಎದ್ದ ಅಲೆ ದಿನಗಟ್ಟಲೆ ಸಾಗಿ ಬಂದು ನಮ್ಮ ದಡಕ್ಕೆ ಹೊಡೆಯುವಾಗ ಇಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. 2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಹೀಗೆಯೇ ನೀರುಪಾಲಾದರು. ಪ್ರವಾಸಕ್ಕೆ ಬರುವವರು ಶುಭ್ರ ಆಕಾಶ ನೋಡಿ ಬಂಡೆಯ ತುದಿಗೆ ಹೋಗಿ ಫೋಟೊ ತೆಗೆಯುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಬೆಂಗಳೂರಿನ ಓದುಗಳು

ನಗರದಲ್ಲಿ ನಮಗೆ ಉಪಯೋಗಕ್ಕೆ ಬರುವುದು ದಿನದ ಬಣ್ಣಕ್ಕಿಂತ ಮುಂದಿನ ಮೂರು ಗಂಟೆಗಳ ತಕ್ಷಣದ ಮುನ್ಸೂಚನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹಗಲಿನ ಕಾವಿಗೆ ಎದ್ದು ಗಂಟೆಯೊಳಗೆ ಸುರಿದು ಮುಗಿಯುತ್ತದೆ; ಅದು ಯಾವ ಬಡಾವಣೆಯ ಮೇಲೆ ಬೀಳುತ್ತದೆ ಎಂದು ಹಿಂದಿನ ದಿನ ಹೇಳಲು ಬರುವುದಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡದ್ದು ಇಂಥದ್ದೇ ಮಳೆಗೆ. ತಳ ಕಾಣದ ನೀರಿಗೆ ವಾಹನ ಇಳಿಸಬಾರದು. ಸಿಡಿಲಿಗೆ ಬೇರೆ ಲೆಕ್ಕವಿದೆ: ಮಿಂಚು ಕಂಡ ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗೇ ಇದೆ, ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ.

ಚಿಕ್ಕೋಡಿಯ ರೈತ

ನಮ್ಮ ಕಡೆಯ ಪರಿಸ್ಥಿತಿ ಇದಕ್ಕೆ ತೀರ ಬೇರೆ. ನಮಗೆ ಮಹಾಪೂರ ಬರುವುದು ನಮ್ಮ ಮಳೆಯಿಂದಲ್ಲ. ಬೆಳಗಾವಿ ಜಿಲ್ಲೆಯ ಬಣ್ಣ ಹಸಿರಿದ್ದು, ನೆತ್ತಿಯ ಮೇಲೆ ಬಿಸಿಲಿದ್ದು, ಹೊಲದಲ್ಲಿ ಕೆಲಸ ನಡೆದಿರುವಾಗಲೇ ಕೃಷ್ಣೆ ಏರುತ್ತಾಳೆ. ಮಹಾರಾಷ್ಟ್ರದ ಘಟ್ಟದಲ್ಲಿ ಆದ ಮಳೆ ಕೊಯ್ನಾ ಜಲಾಶಯದಿಂದ, ದೂಧಗಂಗಾ, ವೇದಗಂಗಾ ನದಿಗಳಿಂದ ಕೂಡಿ ಬರುತ್ತದೆ. ಆದ್ದರಿಂದ ನಾವು ನೋಡುವುದು ಸಾತಾರಾ, ಕೊಲ್ಹಾಪುರ ಜಿಲ್ಲೆಗಳ ಅಲರ್ಟ್, ಕೊಯ್ನಾದಿಂದ ಎಷ್ಟು ಬಿಟ್ಟಿದ್ದಾರೆ, ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಹರಿಯುತ್ತಿದೆ ಎಂಬ ಸುದ್ದಿ. ಕಲ್ಲೋಳ–ಯಡೂರ ಸೇತುವೆ ಮುಳುಗಿತೆಂದರೆ ನದಿಪಾತ್ರದ ಹೊಲಗಳಿಂದ ಪಂಪ್‌ಸೆಟ್ ಎತ್ತುವ ಹೊತ್ತು ಆಗಲೇ ಮೀರಿರುತ್ತದೆ. ಕೆಳಗೆ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳವರಿಗೆ ಹಾಗೆಯೇ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬಿಡುವ ನೀರೇ ಮುಖ್ಯ. ಅಲ್ಲಿ ಶೀಲಹಳ್ಳಿ ಸೇತುವೆ ಮುಳುಗಿದರೆ ದಾರಿ ಬಂದ್.

2019ರ ಆಗಸ್ಟ್‌ನಲ್ಲಿ ಊರಲ್ಲಿ ಡಂಗುರ ಸಾರಿದ್ದರು, ಮೈಕ್ ಹಿಡಿದು ಹೇಳಿದ್ದರು. ಆದರೂ ಹಿರಿಯರು ಹಿಂದಿನ ಹೊಳೆ ಎಲ್ಲಿಯವರೆಗೆ ಬಂದಿತ್ತೋ ಅದನ್ನೇ ಗುರುತಾಗಿಟ್ಟುಕೊಂಡು "ಅಲ್ಲಿಂದ ಮೇಲೆ ಬರಂಗಿಲ್ಲ" ಎಂದು ಕುಳಿತರು. ಹಳೆಯ ಗುರುತು ಹಳೆಯ ಹೊಳೆಗೆ ಮಾತ್ರ ಸಾಕ್ಷಿ. ಅಣೆಕಟ್ಟಿನ ಹೊರಹರಿವು ಏರುತ್ತಿದ್ದರೆ ಆ ಅಂಕಿಯನ್ನು ನಂಬಬೇಕು.

ಕಾರ್ಕಳದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಕುಳಿತು ಮಾತನಾಡಿ ಕೆಲವು ತೀರ್ಮಾನಗಳನ್ನು ಮಾಡಿದ್ದೇವೆ. ಯೆಲ್ಲೋ ಇದ್ದರೆ ದಿನಕ್ಕೆ ಎರಡು ಬಾರಿ ಬುಲೆಟಿನ್ ನೋಡುವುದು, ಬರೆಯ ನೆತ್ತಿಯ ಚರಂಡಿಯಲ್ಲಿ ಎಲೆ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಆರೆಂಜ್ ಬಂದ ರಾತ್ರಿ ಬರೆಗೆ ತಾಗಿದ ಹಿಂಬದಿ ಕೋಣೆಯಲ್ಲಿ ಯಾರೂ ಮಲಗದೆ ಎದುರಿನ ಚಾವಡಿಯಲ್ಲಿ ಮಲಗುವುದು; ಅಮ್ಮನ ಮಾತ್ರೆಗಳು, ಆಧಾರ್, ಪಡಿತರ ಚೀಟಿ, ಟಾರ್ಚ್ ಒಂದೇ ಚೀಲದಲ್ಲಿರುವುದು. ವಾರಗಟ್ಟಲೆ ಮಳೆಯಾಗಿದ್ದು ಆರೆಂಜ್ ಬಂದರೆ, ಅಥವಾ ರೆಡ್ ಬಂದರೆ, ಕತ್ತಲಾಗುವ ಮೊದಲೇ ಅಕ್ಕನ ಮನೆಗೆ ಹೋಗುವುದು, ಆಗದಿದ್ದರೆ ಪಂಚಾಯಿತಿಯವರು ತೆರೆಯುವ ಕಾಳಜಿ ಕೇಂದ್ರಕ್ಕೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಮತ್ತು ತುರ್ತು ಸಂಖ್ಯೆ 112 ಅನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದೇವೆ.

ಒಂದೇ ತೊಡಕು ಉಳಿದಿದೆ. ಹಸುಗಳನ್ನು ಬಿಟ್ಟು ಬರುವುದಿಲ್ಲ ಎಂದು ಅಮ್ಮ ಹಟ ಹಿಡಿದಿದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ.

ಚಿಕ್ಕೋಡಿಯ ರೈತ

ನಿಮ್ಮ ತಾಯಿಯವರ ಹಟ ನಮ್ಮ ಊರಿನ ಪ್ರತಿ ಮನೆಯಲ್ಲೂ ಇದೆ. ದನಗಳ ಸಲುವಾಗಿಯೇ ಜನ ಮನೆ ಬಿಡುವುದಿಲ್ಲ, ಇಲ್ಲವೇ ಬಿಟ್ಟವರು ನಡುರಾತ್ರಿ ನೀರಿಗಿಳಿದು ಮರಳಿ ಹೋಗುತ್ತಾರೆ. ಹೀಗಾಗಿ ನಾವು ಮನುಷ್ಯರಿಗಿಂತ ಮೊದಲು ದನಗಳನ್ನೇ ಸಾಗಿಸುತ್ತೇವೆ. ನೀವು ಆರೆಂಜ್ ಬಂದ ದಿನ ಮಧ್ಯಾಹ್ನವೇ, ಮಳೆ ಬಿಡುವು ಕೊಟ್ಟಾಗ, ಹಸುಗಳನ್ನು ಬರೆಯಿಂದಲೂ ತೋಡಿನಿಂದಲೂ ದೂರವಿರುವ ಯಾರದಾದರೂ ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ ಕಟ್ಟಿ. ಆ ಮನೆಯವರ ಹತ್ತಿರ ಮಳೆಗಾಲದ ಮೊದಲೇ ಮಾತಾಡಿಕೊಂಡು ನಾಲ್ಕು ದಿನದ ಒಣಹುಲ್ಲು ಅಲ್ಲಿ ಹಾಕಿಟ್ಟಿರಿ. ಹಸುಗಳು ಹೋದ ಮೇಲೆ ತಾಯಿಯವರೂ ಹೊರಡುತ್ತಾರೆ, ನಮ್ಮಲ್ಲಿ ಹಾಗೆಯೇ ಆಗಿದೆ.

ಸಾಗಿಸಲು ಸಮಯವೇ ಸಿಗದಿದ್ದರೆ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಬಿಡಿ. ಕಟ್ಟಿದ ದನ ಸಾಯುತ್ತದೆ, ಬಿಟ್ಟ ದನ ಎತ್ತರ ಹುಡುಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಿಗಿ ಗಂಟು ಹಾಕದೆ ಒಂದು ಎಳೆತಕ್ಕೆ ಬಿಚ್ಚುವ ಕುಣಿಕೆ ಹಾಕುವುದನ್ನು ಮಕ್ಕಳಿಗೂ ಕಲಿಸಿ. ಇನ್ನೊಂದು, ಪ್ರತಿ ಹಸುವಿನ ಕಿವಿಯೋಲೆಯ (ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ) ಹನ್ನೆರಡು ಅಂಕಿಗಳ ಸಂಖ್ಯೆ ಕಾಣುವ ಹಾಗೆ ಒಂದು ಫೋಟೊ ತೆಗೆದು ನಿಮ್ಮ ಅಕ್ಕನ ಫೋನಿಗೂ ಕಳುಹಿಸಿಡಿ. ತಪ್ಪಿಸಿಕೊಂಡ ಹಸು ನಿಮ್ಮದೆಂದು ತೋರಿಸಲಿಕ್ಕೂ, ಪಶುವೈದ್ಯರ ವರದಿಗೂ, ಪಂಚನಾಮೆಗೂ ಆ ಸಂಖ್ಯೆ ಬೇಕಾಗುತ್ತದೆ.